ಲೂಕನ ಸುವಾರ್ತೆಯಲ್ಲಿ ನೀತಿಬೋಧೆಯೂ ಪರಲೋಕದ ವಾಗ್ದಾನವೂ

ಕ್ರೈಸ್ತರ ನಾಲ್ಕು ಸುವಾರ್ತೆಗಳಲ್ಲಿ ಮೂರನೆಯದಾದ ಲೂಕನ ಗ್ರಂಥದಲ್ಲಿ ಒಂದೇ ಪ್ರಶ್ನೆಯು ಎರಡು ಸ್ಥಳಗಳಲ್ಲಿ ಬರುವುದು. ಹತ್ತನೆಯ ಅಧ್ಯಾಯದಲ್ಲಿ ಮೋಶೆಯ ಧರ್ಮಶಾಸ್ತ್ರವನ್ನು ಬಲ್ಲ ಪಂಡಿತನೊಬ್ಬನೂ, ಹದಿನೆಂಟನೆಯದರಲ್ಲಿ ಐಶ್ವರ್ಯವಂತನಾದ ಅಧಿಕಾರಿಯೊಬ್ಬನೂ, ನಿತ್ಯಜೀವವನ್ನು ಪಡೆಯಬೇಕಾದರೆ ತಾನು ಮಾಡತಕ್ಕದ್ದೇನೆಂದು ಯೇಸುವನ್ನು ಕೇಳುತ್ತಾರೆ. ಪ್ರಶ್ನೆಯು ಪರಲೋಕವನ್ನು ಕುರಿತದ್ದು. ಎರಡು ಕಡೆಯಲ್ಲಿಯೂ ಉತ್ತರವು ಇಹಲೋಕದ ನಡತೆಯನ್ನು ಕುರಿತದ್ದು. ಪಂಡಿತನಿಗೆ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದುಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದಿದ್ದವನ ಕಥೆಯು ಹೇಳಲ್ಪಡುತ್ತದೆ. ಐಶ್ವರ್ಯವಂತನಿಗೆ, ಇರುವುದೆಲ್ಲವನ್ನೂ ಮಾರಿ ಬಡವರಿಗೆ ಹಂಚಿಬಿಡಬೇಕೆಂಬ ಅಪ್ಪಣೆಯಾಗುತ್ತದೆ. ನಿತ್ಯಜೀವವೆಂಬುದು ಯಾವ ಲೋಕದಲ್ಲಿ, ಯಾವ ರೂಪದಲ್ಲಿ ದೊರೆಯುವುದೆಂಬ ವಿವರಣೆಯು ಎರಡು ಕಡೆಯಲ್ಲಿಯೂ ಇಲ್ಲ. ಐಶ್ವರ್ಯವಂತನಿಗೆ ಪರಲೋಕದಲ್ಲಿ ನಿಕ್ಷೇಪವುಂಟಾಗುವುದೆಂಬ ಒಂದು ಮಾತು ಮಾತ್ರವೇ ಉಂಟು.

ಇದೇ ಗ್ರಂಥದಲ್ಲಿಯೇ, ಉಳಿದ ಮೂರು ಸುವಾರ್ತೆಗಳಲ್ಲಿಲ್ಲದ ಎರಡು ಪ್ರಸಂಗಗಳು ಸತ್ತವರ ಸ್ಥಿತಿಯನ್ನು ಕುರಿತು ಬಹು ಸ್ಪಷ್ಟವಾಗಿ ನುಡಿಯುತ್ತವೆ. ಒಂದು, ಐಶ್ವರ್ಯವಂತನೂ ಲಾಜರನೆಂಬ ಭಿಕ್ಷುಕನೂ ಸತ್ತಮೇಲೆ ಹೊಂದಿದ ಗತಿಯ ಕಥೆ; ಇನ್ನೊಂದು, ಶಿಲುಬೆಯಲ್ಲಿ ಸಾಯುತ್ತಿದ್ದ ಅಪರಾಧಿಗೆ ಯೇಸುವು ಕೊಟ್ಟ ವಾಗ್ದಾನ. ಹೀಗಿರಲಾಗಿ, ಲೂಕನ ಗ್ರಂಥದಲ್ಲಿ ನೀತಿಗೂ ಪರಲೋಕಕ್ಕೂ ಇರುವ ಸಂಬಂಧವು ಎಂತಹದು? ಸತ್ಕರ್ಮಕ್ಕೆ ಕೂಲಿಯಾಗಿ ಪರಲೋಕವು ಸಿಕ್ಕುವುದೆಂದು ಗ್ರಂಥಕರ್ತನ ಮತವೋ, ಅಥವಾ ಬೇರೆಯೋ? ಈ ಪ್ರಶ್ನೆಗೆ ಉತ್ತರವು ಕೇವಲ ಭಕ್ತರಿಗೆ ಸೇರಿದುದಲ್ಲ. ಕೂಲಿಯೆಂದಾದರೆ ಆ ಧರ್ಮದ ದಾನವೆಲ್ಲವೂ ವ್ಯಾಪಾರವಾಗಿ ಮುಗಿಯುವುದು. ಕೂಲಿಯಲ್ಲವೆಂದಾದರೆ ವಾಗ್ದಾನದ ವಾಕ್ಯಗಳಿಗೆ ಪ್ರಯೋಜನವೇನೆಂಬುದನ್ನು ತೋರಿಸಬೇಕಾಗುವುದು.

ಗ್ರಂಥದ ವಿಷಯವಾಗಿ ಅವಶ್ಯವಾದಷ್ಟನ್ನು ಮೊದಲು ಹೇಳಬೇಕು. ಗ್ರಂಥಕರ್ತನು ತನ್ನ ಹೆಸರನ್ನು ಎಲ್ಲಿಯೂ ಹೇಳಿಕೊಂಡಿಲ್ಲ. ಪೀಠಿಕೆಯಲ್ಲಿ ಥೆಯೊಫಿಲನೆಂಬ ಗೌರವಸ್ಥನನ್ನು ಸಂಬೋಧಿಸಿ, ತನಗಿಂತ ಮುಂಚೆ ಅನೇಕರು ಈ ವೃತ್ತಾಂತವನ್ನು ಬರೆಯಲು ತೊಡಗಿದ್ದರೆಂದೂ, ಕಣ್ಣಾರೆ ಕಂಡವರು ಒಪ್ಪಿಸಿದುದನ್ನು ತಾನು ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವೆನೆಂದೂ ತಿಳಿಸುತ್ತಾನೆ. ಕಂಡವನಲ್ಲ, ವಿಚಾರಿಸಿ ತಿಳಿದವನೆಂಬ ಈ ಪ್ರಾಮಾಣಿಕತೆಯು ಇತಿಹಾಸಕಾರನಿಗೆ ಭೂಷಣವಾದುದು. ಪೌಲನ ಸಂಗಾತಿಯಾದ ಲೂಕನೇ ಕರ್ತನೆಂದು ಕ್ರಿ. ಶ. ಸುಮಾರು 180ರಲ್ಲಿ ಐರಿನೇಯಸನು ಬರೆದಿರುವನು. ಮಾರ್ಕನ ಸುವಾರ್ತೆಯು ಲೂಕನ ಮುಂದಿತ್ತೆಂಬುದು ಬಹುಮಂದಿ ವಿದ್ವಾಂಸರ ನಿರ್ಣಯ. ಆದಕಾರಣ ಲೂಕನ ಕಾಲವನ್ನು ಕ್ರಿ. ಶ. 80-90ರ ಸುಮಾರಿಗೆ ಇಡುವುದು ವಾಡಿಕೆ. ಅಪೊಸ್ತಲರ ಕೃತ್ಯಗಳೆಂಬ ಗ್ರಂಥವೂ ಇದೇ ಲೇಖನಿಯದು. ಮಾರ್ಕನನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಲೂಕನು ಸೇರಿಸಿದುದು, ಬಿಟ್ಟುದು, ತಿದ್ದಿದುದು ಕಣ್ಣಿಗೆ ಬೀಳುತ್ತವೆ. ಮೇಲೆ ಹೇಳಿದ ಪಂಡಿತನ ಪ್ರಶ್ನೆಯೇ ಇದಕ್ಕೆ ನಿದರ್ಶನ. ಮಾರ್ಕನಲ್ಲಿ ಶಾಸ್ತ್ರಿಯು ಕೇಳುವುದು ಆಜ್ಞೆಗಳಲ್ಲಿ ಮೊದಲನೆಯದು ಯಾವುದೆಂದು. ಅಲ್ಲಿ ನಿತ್ಯಜೀವದ ಮಾತೇ ಇಲ್ಲ. ಲೂಕನಲ್ಲಿ ಅದೇ ಎರಡು ಆಜ್ಞೆಗಳು, ಎಂದರೆ ದೇವರನ್ನು ಪ್ರೀತಿಸುವುದೂ ನೆರೆಯವನನ್ನು ಪ್ರೀತಿಸುವುದೂ, ನಿತ್ಯಜೀವದ ಪ್ರಶ್ನೆಗೆ ಉತ್ತರವಾಗಿ ನಿಲ್ಲುತ್ತವೆ.

ಇನ್ನು ಯೆಹೂದ್ಯರ ಪರಲೋಕವಿಚಾರ. ಅವರ ಪ್ರಾಚೀನ ಗ್ರಂಥಗಳಲ್ಲಿ ಸ್ವರ್ಗನರಕಗಳ ವಿಭಾಗವಿಲ್ಲ. ಸತ್ತವರೆಲ್ಲರೂ, ಸಜ್ಜನರೂ ದುರ್ಜನರೂ, ಷಿಯೋಲ್ ಎಂಬ ಕತ್ತಲೆಯ ಸ್ಥಾನಕ್ಕೆ ಇಳಿದು ನೆರಳುಗಳಂತೆ ಇರುವರೆಂಬುದೇ ಹಳೆಯ ನಂಬಿಕೆ. ಧರ್ಮಿಷ್ಠನಿಗೆ ಫಲವು ದೀರ್ಘಾಯುಸ್ಸು, ಸಂತಾನ, ಭೂಮಿ, ಮಳೆಬೆಳೆ. ಈ ಭಾವನೆಯು ಅಲುಗಾಡಿದುದು ಧರ್ಮಕ್ಕಾಗಿಯೇ ಧರ್ಮಿಷ್ಠರು ಸಾಯಬೇಕಾಗಿ ಬಂದಾಗ. ಕ್ರಿ. ಪೂ. 167ರಲ್ಲಿ ಸಿರಿಯದ ದೊರೆ ನಾಲ್ಕನೆಯ ಆಂಟಿಯೋಕಸನು ಯೆಹೂದ್ಯಾಚಾರಗಳನ್ನು ನಿಷೇಧಿಸಿ ಹಿಂಸೆಗೆ ತೊಡಗಿದನು. ಮೋಶೆಯ ಆಜ್ಞೆಯನ್ನು ಮೀರಿದವನು ಬದುಕಿದನು, ಪಾಲಿಸಿದವನು ಸತ್ತನು. ಕರ್ಮಕ್ಕೂ ಫಲಕ್ಕೂ ಇದ್ದ ಕೊಂಡಿ ಇಹದಲ್ಲಿ ಕಳಚಿಹೋಗಲು, ಅದನ್ನು ಪರದಲ್ಲಿ ಕೂಡಿಸಬೇಕಾಯಿತು. ಆ ಕಾಲದಲ್ಲಿ ಈಗಿನ ರೂಪವನ್ನು ತಾಳಿದ ದಾನಿಯೇಲನ ಗ್ರಂಥವು, ಮಣ್ಣಿನಲ್ಲಿ ಮಲಗಿದವರು ಎಚ್ಚರಗೊಂಡು ಕೆಲವರು ನಿತ್ಯಜೀವವನ್ನೂ ಕೆಲವರು ನಿತ್ಯನಿಂದೆಯನ್ನೂ ಪಡೆಯುವರೆಂದು ಹೇಳುತ್ತದೆ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಏಳು ಮಂದಿ ಅಣ್ಣತಮ್ಮಂದಿರು ತಾಯಿಯೆದುರಿಗೇ ಒಬ್ಬೊಬ್ಬರಾಗಿ ಪುನರುತ್ಥಾನವನ್ನು ನಂಬಿ ಪ್ರಾಣವನ್ನು ಬಿಡುತ್ತಾರೆ. ಪರಲೋಕದ ವಾಗ್ದಾನವು ಅಲ್ಲಿ ಹುಟ್ಟಿದುದು ಲಾಭಾಶೆಯಿಂದಲ್ಲ, ಅನ್ಯಾಯವನ್ನು ಸಹಿಸಲಾರದ ಧರ್ಮಬುದ್ಧಿಯಿಂದ. ಇದನ್ನು ಮರೆತವರಿಗೆ ಲೂಕನು ಅರ್ಥವಾಗನು.

ಎಲ್ಲರೂ ಈ ಹೊಸ ಮತವನ್ನು ಒಪ್ಪಲಿಲ್ಲ. ಫರಿಸಾಯರು ಒಪ್ಪಿದರು, ದೇವಾಲಯದ ಅರ್ಚಕವರ್ಗಕ್ಕೂ ಧನಿಕರಿಗೂ ಹತ್ತಿರವಾಗಿದ್ದ ಸದ್ದುಕಾಯರು ಮೋಶೆಯ ಗ್ರಂಥದಲ್ಲಿಲ್ಲವೆಂದು ತಳ್ಳಿಹಾಕಿದರು. ಆತ್ಮವು ದೇಹದೊಡನೆಯೇ ನಾಶವಾಗುವುದೆಂಬುದು ಸದ್ದುಕಾಯರ ಮತವೆಂದು ಕ್ರಿ. ಶ. ಒಂದನೆಯ ಶತಮಾನದ ಇತಿಹಾಸಕಾರನಾದ ಜೋಸೆಫಸನು ಬರೆದಿದ್ದಾನೆ. ಈ ಲೋಕದ ವ್ಯವಸ್ಥೆಯಿಂದ ತೃಪ್ತರಾದವರಿಗೆ ಇನ್ನೊಂದು ಲೋಕವು ಬೇಕಾಗಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು?

ಲೂಕನ ನೀತಿಬೋಧೆಯ ತಿರುಳು ಆರನೆಯ ಅಧ್ಯಾಯದಲ್ಲಿದೆ. ಮತ್ತಾಯನು ಬೆಟ್ಟದ ಮೇಲೆ ಇರಿಸಿದ ಉಪದೇಶವನ್ನು ಲೂಕನು ಸಮಭೂಮಿಯಲ್ಲಿ ಇರಿಸಿದ್ದಾನೆ. ವ್ಯತ್ಯಾಸವು ಸ್ಥಳದ್ದು ಮಾತ್ರವಲ್ಲ. ಮತ್ತಾಯನಲ್ಲಿ ಧನ್ಯರೆನಿಸುವವರು ಆತ್ಮದಲ್ಲಿ ಬಡವರಾದವರು. ಲೂಕನಲ್ಲಿ ಬಡವರೇ, ವಿಶೇಷಣವಿಲ್ಲದ ಬಡವರೇ, ಧನ್ಯರು. ಅಷ್ಟಕ್ಕೆ ನಿಲ್ಲದೆ ಐಶ್ವರ್ಯವಂತರಿಗೂ ಹೊಟ್ಟೆತುಂಬಿದವರಿಗೂ ಅಯ್ಯೋ ಎಂಬ ಧಿಕ್ಕಾರವಾಕ್ಯಗಳು ಹಿಂದೆಯೇ ಬರುತ್ತವೆ, ಇವು ಮತ್ತಾಯನಲ್ಲಿಲ್ಲ. ಬಳಿಕ ಶತ್ರುಪ್ರೇಮದ ಉಪದೇಶ. ಪ್ರೀತಿಸಿದವರನ್ನೇ ಪ್ರೀತಿಸಿದರೆ, ಹಿಂದಕ್ಕೆ ಕೊಡಬಲ್ಲವರಿಗೇ ಸಾಲಕೊಟ್ಟರೆ ಬಂದ ಹೆಚ್ಚಳವೇನು, ಪಾಪಿಗಳೂ ಹಾಗೆ ಮಾಡುವರಷ್ಟೆ ಎಂದು ಯೇಸುವು ಕೇಳುತ್ತಾನೆ. ಮರಳಿ ಬಂದೀತೆಂಬ ಆಶೆಯಿಲ್ಲದೆ ಸಾಲಕೊಡಿರೆಂದು ವಿಧಿಸುತ್ತಾನೆ. ಹದಿನಾಲ್ಕನೆಯ ಅಧ್ಯಾಯದ ಔತಣದ ಮಾತೂ ಇದೇ ಜಾತಿಯದು. ಬಂಧುಗಳನ್ನೂ ಸಿರಿವಂತರಾದ ನೆರೆಯವರನ್ನೂ ಊಟಕ್ಕೆ ಕರೆದರೆ ಅವರು ತಿರುಗಿ ಕರೆದುಬಿಟ್ಟಾರು. ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಬೇಕು, ಅವರಿಗೆ ಪ್ರತಿಯಾಗಿ ಕೊಡಲು ಏನೂ ಇಲ್ಲ. ರೋಮನ್ ಸಾಮ್ರಾಜ್ಯದ ನಗರಗಳಲ್ಲಿ ಔತಣವೆಂಬುದು ಕೊಟ್ಟು ಪಡೆಯುವ ಲೆಕ್ಕದಲ್ಲಿ ಸೇರಿದ್ದಿತು. ಉಪಕಾರಿಗೂ ಆಶ್ರಿತನಿಗೂ ಇದ್ದ ಬಂಧವೆಲ್ಲವೂ ಆ ಲೆಕ್ಕದ ಮೇಲೆಯೇ ನಿಂತಿದ್ದಿತು. ಲೂಕನು ಕೈಹಾಕುವುದು ಆ ಲೆಕ್ಕದ ಬುಡಕ್ಕೆ.

ಆದರೆ ತೊಡಕು ಇಲ್ಲಿಯೇ ಉಂಟು. ಬಡವರು ಹಿಂದಕ್ಕೆ ಕೊಡಲಾರರು, ಆದರೆ ನೀತಿವಂತರ ಪುನರುತ್ಥಾನದಲ್ಲಿ ನಿನಗೆ ಪ್ರತಿಫಲವು ಸಲ್ಲುವುದು ಎಂದು ಅದೇ ವಾಕ್ಯವು ಮುಗಿಯುತ್ತದೆ. ಪ್ರತಿಫಲವನ್ನು ಬಯಸಬೇಡವೆಂದು ಹೇಳಿದ ಬಾಯಿಯೇ ಪ್ರತಿಫಲವನ್ನು ತೋರಿಸುತ್ತದೆ. ಸಾಲಗಾರನು ಬದಲಾದನಷ್ಟೇ, ಸಾಲವು ಹೋಗಲಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಹದಿನಾರನೆಯ ಅಧ್ಯಾಯದ ಮೋಸಗಾರ ಪಾರುಪತ್ಯಗಾರನ ಕಥೆಯು ಈ ಆಕ್ಷೇಪಕ್ಕೆ ಇನ್ನೂ ಬಲಕೊಡುತ್ತದೆ. ಕೆಲಸವನ್ನು ಕಳೆದುಕೊಳ್ಳಲಿದ್ದ ಆತನು ಯಜಮಾನನ ಸಾಲಗಾರರ ಪತ್ರಗಳಲ್ಲಿ ಮೊತ್ತವನ್ನು ಇಳಿಸಿ ಅವರ ಸ್ನೇಹವನ್ನು ಸಂಪಾದಿಸಿಕೊಂಡನು. ಹಾಗೆಯೇ ಧನದಿಂದ ಸ್ನೇಹಿತರನ್ನು ಮಾಡಿಕೊಳ್ಳಿರಿ, ಆಗ ನಿತ್ಯವಾದ ವಾಸಸ್ಥಾನಗಳಲ್ಲಿ ನಿಮಗೆ ಸ್ವಾಗತವಾದೀತು ಎಂದು ಅದರ ಬೋಧೆ. ಇದು ಮೇಲುನೋಟಕ್ಕೆ ಶುದ್ಧ ಜಾಣತನದ ಉಪದೇಶವೇ ಸರಿ. ವ್ಯಾಖ್ಯಾನಕಾರರು ಈ ಕಥೆಯೊಡನೆ ಬಹಳ ಹೆಣಗಿದ್ದಾರೆ.

ಇದಕ್ಕೆ ಸಮಾಧಾನವನ್ನು ಗ್ರಂಥದ ಹೊರಗೆ ಹುಡುಕಬೇಕಾಗಿಲ್ಲ. ಹದಿನೇಳನೆಯ ಅಧ್ಯಾಯದಲ್ಲಿ, ಲೂಕನಲ್ಲಿ ಮಾತ್ರವೇ ಇರುವ ಒಂದು ಚಿಕ್ಕ ದೃಷ್ಟಾಂತವುಂಟು. ಹೊಲವನ್ನು ಉತ್ತು ಬಂದ ಆಳಿಗೆ ಯಜಮಾನನು ಊಟಕ್ಕೆ ಕುಳಿತುಕೋ ಎನ್ನುವುದಿಲ್ಲ, ಮೊದಲು ತನಗೆ ಬಡಿಸೆನ್ನುತ್ತಾನೆ. ಹೇಳಿದುದನ್ನು ಮಾಡಿದನೆಂದು ಆಳಿಗೆ ಉಪಕಾರಸ್ಮರಣೆಯನ್ನು ಮಾಡುವುದೂ ಇಲ್ಲ. ಹಾಗೆಯೇ ಶಿಷ್ಯರೂ ವಿಧಿಸಿದ್ದೆಲ್ಲವನ್ನೂ ನೆರವೇರಿಸಿದ ಬಳಿಕ, ಮಾಡಬೇಕಾದುದನ್ನಷ್ಟೇ ಮಾಡಿದ ಆಳುಗಳೆಂದು ತಮ್ಮನ್ನು ಎಣಿಸಿಕೊಳ್ಳಬೇಕು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಕರ್ಮಕ್ಕೆ ಫಲವು ಶ್ರುತವಾಗಿದ್ದರೂ ಕರ್ತನಿಗೆ ಫಲದಲ್ಲಿ ಹಕ್ಕಿಲ್ಲ. ಸ್ವರ್ಗವನ್ನು ಬಯಸುವವನೇ ಯಾಗಕ್ಕೆ ಅಧಿಕಾರಿಯೆಂಬ ನ್ಯಾಯವು ಈ ಗ್ರಂಥಕ್ಕೆ ಹೊಂದುವುದಿಲ್ಲ. ಗೀತೆಯ ಫಲತ್ಯಾಗದೊಡನೆ ಇದನ್ನು ಸಮೀಕರಿಸುವವರೂ ಉಂಟು. ಅದೂ ಪೂರ್ತಿಯಾಗಿ ಸರಿಹೊಂದದು. ಫಲವನ್ನು ಬಿಡಬೇಕೆಂದು ಲೂಕನು ಹೇಳುವುದಿಲ್ಲ. ಫಲವನ್ನು ಕೇಳುವ ಬಾಯಿಯು ನಿನ್ನದಲ್ಲವೆಂದು ಹೇಳುತ್ತಾನೆ.

ಈಗ ಲಾಜರನ ಕಥೆ. ಕೆಂಪುವಸ್ತ್ರವನ್ನೂ ನಯವಾದ ನಾರುಮಡಿಯನ್ನೂ ಉಟ್ಟು ದಿನವೂ ಭೋಗದಲ್ಲಿದ್ದ ಐಶ್ವರ್ಯವಂತನೊಬ್ಬನ ಬಾಗಿಲಲ್ಲಿ ಮೈತುಂಬ ಹುಣ್ಣಾದ ಲಾಜರನು ಬಿದ್ದಿದ್ದನು. ನಾಯಿಗಳು ಬಂದು ಹುಣ್ಣುಗಳನ್ನು ನೆಕ್ಕುತ್ತಿದ್ದವು. ಇಬ್ಬರೂ ಸತ್ತರು. ಬಡವನು ಅಬ್ರಹಾಮನ ಮಗ್ಗುಲಿಗೆ ಒಯ್ಯಲ್ಪಟ್ಟನು; ಐಶ್ವರ್ಯವಂತನು ಪಾತಾಳದ ಉರಿಯಲ್ಲಿ ಕಣ್ಣೆತ್ತಿ, ಬೆರಳ ತುದಿಯ ನೀರಿನಿಂದ ತನ್ನ ನಾಲಿಗೆಯನ್ನು ತಣಿಸಲು ಲಾಜರನನ್ನು ಕಳುಹಿಸೆಂದು ಬೇಡಿದನು. ನಡುವೆ ದೊಡ್ಡ ಕಂದರವಿದೆ, ದಾಟಲಾಗದು ಎಂದು ಉತ್ತರ. ತನ್ನ ಐವರು ತಮ್ಮಂದಿರಿಗಾದರೂ ಎಚ್ಚರಿಕೆಯನ್ನು ಕಳುಹಿಸೆಂದರೆ, ಅವರಿಗೆ ಮೋಶೆಯೂ ಪ್ರವಾದಿಗಳೂ ಇದ್ದಾರೆ, ಅವರ ಮಾತನ್ನು ಕೇಳದವರು ಸತ್ತವನು ಎದ್ದುಬಂದರೂ ನಂಬರು ಎಂಬ ಉತ್ತರದೊಡನೆ ಕಥೆಯು ಮುಗಿಯುತ್ತದೆ.

ಯೇಸುವಿನ ದೃಷ್ಟಾಂತಗಳಲ್ಲಿ ಹೆಸರುಳ್ಳ ಪಾತ್ರವು ಈ ಭಿಕ್ಷುಕನೊಬ್ಬನೇ. ಲಾಜರನೆಂಬುದು ಎಲಿಯಾಜರ್ ಎಂಬುದರ ಸಂಕ್ಷೇಪ. ದೇವರೇ ಸಹಾಯವೆಂದು ಅರ್ಥ. ಧನಿಕನಿಗೆ ಹೆಸರಿಲ್ಲ. ಇದು ಓದುಗರಿಗೆ ಕೊರತೆಯೆಂದು ತೋರಿರಬೇಕು. 1961ರಲ್ಲಿ ಪ್ರಕಟವಾದ, ಕ್ರಿ. ಶ. ಮೂರನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ ಬಾಡ್ಮರ್ ಪಪೈರಸ್ ಮಾತೃಕೆಯಲ್ಲಿ ಅವನಿಗೆ ನೆವೆಸ್ ಎಂಬ ಹೆಸರಿದೆ. ಪಶ್ಚಿಮದಲ್ಲಿಯಂತೂ ಲ್ಯಾಟಿನ್ ಭಾಷಾಂತರದಲ್ಲಿ ಧನಿಕನೆಂಬ ಅರ್ಥದ ಡೈವೀಸ್ ಎಂಬ ಪದವೇ ಅಂಕಿತನಾಮವಾಗಿಬಿಟ್ಟಿತು. ಬಡವನಿಗೆ ಹೆಸರಿದ್ದು ಸಿರಿವಂತನಿಗೆ ಇಲ್ಲದಿರುವುದೇ ಕಥೆಯ ಮರ್ಮವೆಂಬುದನ್ನು ಲಿಪಿಕಾರರು ಕಾಣಲಿಲ್ಲ.

ಈ ಕಥೆಗೆ ಬೇರೆಡೆಯಲ್ಲಿ ಹೋಲಿಕೆಗಳುಂಟು. ಈಜಿಪ್ಟಿನ ಡೆಮೋಟಿಕ್ ಲಿಪಿಯಲ್ಲಿರುವ ಸೆತ್ನೆ ಮತ್ತು ಸಿ-ಒಸಿರನ ಕಥೆಯಲ್ಲಿ ಒಬ್ಬ ಧನಿಕನ ವೈಭವದ ಶವಯಾತ್ರೆಯನ್ನೂ ಚಾಪೆಯಲ್ಲಿ ಸುತ್ತಿ ಒಯ್ದ ಬಡವನ ಶವವನ್ನೂ ಕಂಡ ತಂದೆಗೆ, ಮಗನು ಪಿತೃಲೋಕದಲ್ಲಿ ಇಬ್ಬರ ಗತಿಯೂ ಅದಲುಬದಲಾಗಿರುವುದನ್ನು ತೋರಿಸುತ್ತಾನೆ. 1918ರಲ್ಲಿ ಜರ್ಮನಿಯ ಗ್ರೆಸ್ಮನ್ ಎಂಬ ವಿದ್ವಾಂಸನು ಈ ಹೋಲಿಕೆಯನ್ನು ವಿಸ್ತಾರವಾಗಿ ಪ್ರತಿಪಾದಿಸಿದನು. ಇಷ್ಟರಿಂದ ಲೂಕನ ಕಥೆಯು ಈಜಿಪ್ಟಿನಿಂದ ಬಂದುದೆಂದು ಸಾಧಿಸುವುದು ದುಡುಕು. ಹೋಲಿಕೆಗಿಂತ ಭೇದವೇ ಹೆಚ್ಚು ಬೋಧಪ್ರದವಾದುದು. ಈಜಿಪ್ಟಿನ ಕಥೆಯಲ್ಲಿ ಇಬ್ಬರ ಪುಣ್ಯಪಾಪಗಳನ್ನು ತಕ್ಕಡಿಯಲ್ಲಿಟ್ಟು ತೂಗಲಾಗುವುದು. ಬಡವನು ಪುಣ್ಯವಂತ, ಧನಿಕನು ಪಾಪಿ. ಲೂಕನಲ್ಲಿ ತಕ್ಕಡಿಯಿಲ್ಲ. ಲಾಜರನು ಪುಣ್ಯವಂತನೆಂದಾಗಲಿ ಧನಿಕನು ಕಳ್ಳನೋ ಕ್ರೂರಿಯೋ ಆಗಿದ್ದನೆಂದಾಗಲಿ ಒಂದು ಅಕ್ಷರವೂ ಇಲ್ಲ. ನಾಯಿಗಳು ಹತ್ತಿರ ಬಂದವು, ಮನೆಯ ಯಜಮಾನನು ಬರಲಿಲ್ಲ. ದೋಷವು ಅಷ್ಟೇ.

ಕಥೆಯೊಳಗಿನ ಉರಿ, ನೀರು, ಕಂದರ, ಇವುಗಳಿಂದ ಪರಲೋಕದ ಭೂಗೋಳವನ್ನು ರಚಿಸಲು ಮಧ್ಯಯುಗದವರು ಬಹಳ ಶ್ರಮಪಟ್ಟರು. ಸತ್ತವರ ಆತ್ಮಗಳನ್ನು ತೀರ್ಪಿನ ದಿನದವರೆಗೆ ಬೇರೆಬೇರೆಯಾಗಿ ಇಡುವ ಗವಿಗಳೂ, ನೀತಿವಂತರ ಗವಿಯಲ್ಲಿ ಹೊಳೆಯುವ ನೀರಿನ ಬುಗ್ಗೆಯೂ ಹನೋಕನ ಗ್ರಂಥದಲ್ಲಿಯೇ ವರ್ಣಿತವಾಗಿವೆ. ಅದರ ಅರಾಮಿಕ್ ಮೂಲದ ತುಣುಕುಗಳು ಮೃತಸಮುದ್ರದ ಬಳಿಯ ಕುಮ್ರಾನಿನ ಗವಿಗಳಲ್ಲಿ ದೊರೆತಿವೆ. ಎಂದರೆ ಈ ಸಾಮಗ್ರಿಯು ಆ ಕಾಲದ ಕೇಳುಗರಿಗೆ ಪರಿಚಿತವಾದುದು, ಲೂಕನು ಹೊಸದಾಗಿ ತಿಳಿಸಬಂದುದಲ್ಲ. ಅರ್ಥವಾದಕ್ಕೆ ಸ್ವಾರ್ಥದಲ್ಲಿ ತಾತ್ಪರ್ಯವಿಲ್ಲ, ವಿಧಿಯ ಪ್ರಶಂಸೆಯಲ್ಲಿ ತಾತ್ಪರ್ಯವೆಂಬ ನಿಯಮವು ಇಲ್ಲಿ ಚೆನ್ನಾಗಿ ಅನ್ವಯಿಸುವುದು. ಉರಿಯೂ ಕಂದರವೂ ಅರ್ಥವಾದ. ಬಾಗಿಲಲ್ಲಿ ಬಿದ್ದವನನ್ನು ನೋಡಬೇಕೆಂಬುದು ವಿಧಿ. ಅಬ್ರಹಾಮನ ಕಡೆಯ ಮಾತೂ ಇದನ್ನೇ ಸ್ಥಿರಪಡಿಸುತ್ತದೆ. ಪರಲೋಕದಿಂದ ಸಾಕ್ಷಿಯು ಬೇಕೆಂಬ ಬೇಡಿಕೆಯನ್ನು ಪರಲೋಕವೇ ನಿರಾಕರಿಸುತ್ತದೆ. ಧರ್ಮಶಾಸ್ತ್ರದಿಂದ ಎಚ್ಚರಗೊಳ್ಳದವನಿಗೆ ಪರಲೋಕದ ವಾರ್ತೆಯಿಂದಲೂ ಪ್ರಯೋಜನವಿಲ್ಲವೆಂದು ಹೇಳುವ ಕಥೆಯನ್ನು ಪರಲೋಕದ ವಾರ್ತೆಯೆಂದು ಓದುವುದು ವಿಪರ್ಯಾಸವಲ್ಲವೆ?

ಸದ್ದುಕಾಯರ ಪ್ರಶ್ನೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಒಬ್ಬರಾದಮೇಲೊಬ್ಬರು ಏಳು ಮಂದಿ ಅಣ್ಣತಮ್ಮಂದಿರನ್ನು ಮದುವೆಯಾದ ವಿಧವೆಯು ಪುನರುತ್ಥಾನದಲ್ಲಿ ಯಾರ ಹೆಂಡತಿಯೆಂದು ಅವರು ಹಾಸ್ಯಮಾಡಲು, ಆ ಲೋಕದಲ್ಲಿ ಮದುವೆಯೇ ಇಲ್ಲವೆಂದು ಯೇಸುವು ಉತ್ತರಕೊಟ್ಟನು. ಗಮನಿಸತಕ್ಕದ್ದು ಲೂಕನು ಮಾರ್ಕನ ಪಾಠಕ್ಕೆ ಕೂಡಿಸಿದ ಎರಡು ಅಂಶಗಳನ್ನು. ಆ ಲೋಕಕ್ಕೆ ಯೋಗ್ಯರೆನಿಸಿದವರು ಎಂಬುದೊಂದು. ದೇವರಿಗೆ ಎಲ್ಲರೂ ಜೀವಿಸುವವರೇ ಎಂಬುದು ಇನ್ನೊಂದು. ಎರಡನೆಯದು ಮಕ್ಕಬಿಯರ ನಾಲ್ಕನೆಯ ಗ್ರಂಥದ ಭಾವವನ್ನು ಬಹುವಾಗಿ ಹೋಲುತ್ತದೆ. ಸತ್ತ ಪಿತೃಗಳು ಕಡೆಯ ದಿನವನ್ನು ಕಾಯದೆ ಈಗಲೇ ದೇವರಲ್ಲಿ ಬದುಕಿರುವರೆಂಬುದು ಅದರ ಅಭಿಪ್ರಾಯ. ಕಡೆಯ ದಿನದ ಪುನರುತ್ಥಾನ, ಸತ್ತ ಕೂಡಲೆ ದೊರೆಯುವ ಗತಿ, ಈ ಎರಡು ಮತಗಳೂ ಲೂಕನಲ್ಲಿ ಪಕ್ಕಪಕ್ಕದಲ್ಲಿಯೇ ಇವೆ. ಅಪೊಸ್ತಲರ ಕೃತ್ಯಗಳಲ್ಲಿಯೂ ಹೀಗೆಯೇ: ಪೌಲನು ನೀತಿವಂತರ, ಅನೀತಿವಂತರ ಪುನರುತ್ಥಾನವನ್ನು ನಿರೀಕ್ಷಿಸುತ್ತಾನೆ, ಕಲ್ಲೆಸೆತಕ್ಕೆ ಸಿಕ್ಕಿ ಸಾಯುವ ಸ್ತೆಫನನು ತನ್ನ ಆತ್ಮವನ್ನು ಆಗಲೇ ಸೇರಿಸಿಕೊಳ್ಳೆಂದು ಬೇಡುತ್ತಾನೆ. ಇವೆರಡನ್ನೂ ಒಂದು ಸಿದ್ಧಾಂತವಾಗಿ ಹೊಲಿಯಲು ಲೂಕನು ಯತ್ನಿಸಿಲ್ಲ. ಆ ಹೊಲಿಗೆಯು ನಂತರದ ಆಚಾರ್ಯರ ಕೆಲಸ.

ಶಿಲುಬೆಯ ಪ್ರಸಂಗದಲ್ಲಿ ಎರಡನೆಯ ಮತವು ಅತ್ಯಂತ ಸ್ಪಷ್ಟವಾಗಿದೆ. ಮಾರ್ಕ ಮತ್ತಾಯರಲ್ಲಿ ಯೇಸುವಿನ ಎಡಬಲಗಳಲ್ಲಿದ್ದ ಕಳ್ಳರಿಬ್ಬರೂ ಅವನನ್ನು ಹಂಗಿಸುತ್ತಾರೆ. ಲೂಕನಲ್ಲಿ ಒಬ್ಬನು ಮಾತ್ರ ಹಂಗಿಸುತ್ತಾನೆ. ಇನ್ನೊಬ್ಬನು ಅವನನ್ನು ಗದರಿಸಿ, ತಮಗಾದ ಶಿಕ್ಷೆಯು ನ್ಯಾಯವೆಂದು ಒಪ್ಪಿ, ರಾಜ್ಯವನ್ನು ಪಡೆದಾಗ ತನ್ನನ್ನು ನೆನೆಯೆಂದು ಕೇಳಿಕೊಳ್ಳುತ್ತಾನೆ. ಅವನು ಕೇಳಿದುದು ಮುಂದೆಂದೋ ಬರುವ ಸ್ಮರಣೆಯನ್ನು. ದೊರೆತುದು ಆ ದಿನವೇ ಪರದೈಸಿನಲ್ಲಿ ಜೊತೆಯಲ್ಲಿರುವೆಯೆಂಬ ವಾಗ್ದಾನ.

ಪರದೈಸ್ ಎಂಬ ಪದವು ಸಂಸ್ಕೃತಜ್ಞರಿಗೆ ಕುತೂಹಲಕರವಾದುದು. ಇದು ಮೂಲತಃ ಇರಾನೀ ಶಬ್ದ. ಅವೆಸ್ತಾ ಭಾಷೆಯ ಪೈರಿದಏಜ, ಸುತ್ತಲೂ ಗೋಡೆಯುಳ್ಳದ್ದು. ಅದರ ಪೂರ್ವಪದವು ಸಂಸ್ಕೃತದ ಪರಿ ಎಂಬ ಉಪಸರ್ಗವೇ. ಉತ್ತರಪದವು ಋಗ್ವೇದದಲ್ಲಿ ಕೋಟೆಯ ಒಡ್ಡೆಂಬ ಅರ್ಥದಲ್ಲಿ ಬರುವ ದೇಹೀ ಶಬ್ದದ ಸಗೋತ್ರ. ಪಾರಸಿಕ ದೊರೆಗಳ ಬೇಟೆಯ ಉದ್ಯಾನಗಳನ್ನು ಗ್ರೀಕರ ಕ್ಸೆನೊಫೊನನು ಈ ಪದದಿಂದ ಕರೆದನು; ಹೀಬ್ರೂ ಶಾಸ್ತ್ರದ ಗ್ರೀಕ್ ಭಾಷಾಂತರಕಾರರು ಏದೆನಿನ ತೋಟಕ್ಕೆ ಇದನ್ನೇ ಬಳಸಿದರು; ಅಲ್ಲಿಂದ ಸತ್ತ ನೀತಿವಂತರ ವಿಶ್ರಾಂತಿಸ್ಥಾನಕ್ಕೆ ಹೆಸರಾಯಿತು. ಹೊಸ ಒಡಂಬಡಿಕೆಯಲ್ಲೆಲ್ಲ ಮೂರೇ ಸಲ ಬರುವ ಈ ಶಬ್ದವನ್ನು ಕನ್ನಡ ಭಾಷಾಂತರವು ಸ್ವರ್ಗವೆನ್ನದೆ ಪರದೈಸೆಂದೇ ಉಳಿಸಿಕೊಂಡಿರುವುದು ವಿವೇಕದ ಕೆಲಸ. ಸ್ವರ್ಗವೆಂದಿದ್ದರೆ ಪುಣ್ಯವು ಕ್ಷೀಣಿಸಿದ ಮೇಲೆ ಹಿಂದಿರುಗಬೇಕಾದ ಲೋಕವೆಂಬ ಅರ್ಥಚ್ಛಾಯೆಯು ತಾನಾಗಿ ಬೀಳುತ್ತಿದ್ದಿತು.

ಈ ವಾಕ್ಯದ ಅನ್ವಯದಲ್ಲಿಯೂ ವಿವಾದವುಂಟು. ಪ್ರಾಚೀನ ಗ್ರೀಕ್ ಮಾತೃಕೆಗಳಲ್ಲಿ ವಿರಾಮಚಿಹ್ನೆಗಳು ವಿರಳ. ಈ ದಿನವೆಂಬ ಪದವನ್ನು ಹಿಂದಿನ ಹೇಳುತ್ತೇನೆ ಎಂಬುದಕ್ಕೆ ಅನ್ವಯಿಸಿದರೆ, ವಾಗ್ದಾನವು ಈ ದಿನದ್ದು, ಫಲವು ಎಂದಿನದೋ ಎಂದಾಗುವುದು. ಒಂದು ಹಳೆಯ ಸಿರಿಯಾಕ್ ಭಾಷಾಂತರದ ಪಾಠವು ಹೀಗಿದೆ. ಆದರೆ ಸತ್ಯವಾಗಿ ಹೇಳುತ್ತೇನೆಂಬ ಸೂತ್ರವು ಸುವಾರ್ತೆಗಳಲ್ಲಿ ಅನೇಕ ಕಡೆ ಬಂದಿದ್ದರೂ ಬೇರೆಲ್ಲಿಯೂ ಅದಕ್ಕೆ ಈ ದಿನವೆಂಬ ಪದವು ಅಂಟಿಕೊಂಡಿಲ್ಲ. ಬೀಜಾ ಮಾತೃಕೆಯಲ್ಲಿ ಆ ಸೂತ್ರವೇ ಇಲ್ಲ. ಧೈರ್ಯವಾಗಿರೆಂಬ ಮಾತಿನ ಬಳಿಕ ಈ ದಿನವೆಂಬುದು ನೇರವಾಗಿ ಪರದೈಸಿನ ವಾಕ್ಯಕ್ಕೇ ಸೇರುತ್ತದೆ. ಮೇಲಾಗಿ ಈ ದಿನವೆಂಬುದು ಲೂಕನಿಗೆ ಪ್ರಿಯವಾದ ಶಬ್ದ. ಕುರುಬರಿಗೆ ಜನನದ ವಾರ್ತೆಯು ಬರುವುದು ಈ ದಿನ. ನಜರೇತಿನ ಸಭಾಮಂದಿರದಲ್ಲಿ ಶಾಸ್ತ್ರವು ನೆರವೇರುವುದು ಈ ದಿನ. ಸುಂಕದವನಾದ ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಟ್ಟು, ಅನ್ಯಾಯವಾಗಿ ತೆಗೆದುಕೊಂಡುದಕ್ಕೆ ನಾಲ್ಕರಷ್ಟನ್ನು ಹಿಂದಿರುಗಿಸುವೆನೆಂದಾಗ ಅವನ ಮನೆಗೆ ರಕ್ಷಣೆಯು ಬಂದುದೂ ಈ ದಿನವೇ. ಬಹುಜನಸಮ್ಮತವಾದ ಅನ್ವಯವೇ ಗ್ರಾಹ್ಯ.

ಜಕ್ಕಾಯನಿಗಾದರೂ ಕೊಡಲು ಆಸ್ತಿಯಿತ್ತು, ತಿದ್ದಿಕೊಳ್ಳಲು ಆಯುಷ್ಯವಿತ್ತು. ಶಿಲುಬೆಯವನಿಗೆ ಎರಡೂ ಇಲ್ಲ. ಔತಣವಿಡಲಾರ, ಸಾಲಕೊಡಲಾರ, ಗಾಯಗೊಂಡವನಿಗೆ ಎಣ್ಣೆಹಚ್ಚಲಾರ; ಅವನ ಕೈಗಳು ಮರಕ್ಕೆ ಸಿಕ್ಕಿವೆ. ಅವನು ಮಾಡಿದುದು ತನ್ನ ತಪ್ಪನ್ನು ಒಪ್ಪಿ ನಿರಪರಾಧಿಯನ್ನು ನಿರಪರಾಧಿಯೆಂದುದು, ಇಷ್ಟೇ. ಇಡೀ ಗ್ರಂಥದಲ್ಲಿ ವ್ಯಕ್ತಿಯೊಬ್ಬನಿಗೆ ನೇರವಾಗಿ ಸಲ್ಲುವ ಪರಲೋಕದ ವಾಗ್ದಾನವು ಕೊಡುವುದಕ್ಕೆ ಏನೂ ಇಲ್ಲದವನಿಗೆ ಸಂದಿತು. ಕೂಲಿಯ ವಾದವು ಇಲ್ಲಿ ನಿಲ್ಲಲಾರದು.

ಹಾಗೆಂದು ನೀತಿಬೋಧೆಯು ನಿಷ್ಪ್ರಯೋಜಕವೆಂದು ಹೇಳಿದವರೂ ಉಂಟು, ವಾಗ್ದಾನವನ್ನು ಬದಿಗಿಟ್ಟು ನೀತಿಯೊಂದೇ ಸಾಕೆಂದವರೂ ಉಂಟು. ಎರಡನೆಯ ಶತಮಾನದ ಮಾರ್ಸಿಯನನು ಲೂಕನೊಬ್ಬನನ್ನೇ ಪ್ರಮಾಣವಾಗಿ ಹಿಡಿದು ಅದನ್ನೂ ಕತ್ತರಿಸಿದನು; ಅವನ ಪ್ರತಿಯಲ್ಲಿ ಪಂಡಿತನ ಪ್ರಶ್ನೆಯು ಜೀವವನ್ನು ಕುರಿತಿತ್ತೇ ಹೊರತು ನಿತ್ಯವೆಂಬ ವಿಶೇಷಣವಿರಲಿಲ್ಲವೆಂದು ಟರ್ಟುಲ್ಲಿಯನನು ದೂರುತ್ತಾನೆ. ಮೋಶೆಯ ಆಜ್ಞೆಗಳನ್ನು ಪಾಲಿಸುವುದರಿಂದ ನಿತ್ಯಜೀವವು ದೊರೆಯುವುದೆಂಬುದು ಮಾರ್ಸಿಯನನಿಗೆ ಸಹ್ಯವಾಗಿರಲಿಲ್ಲ. ಹದಿನೇಳು ಶತಮಾನಗಳ ಬಳಿಕ ಇದೇ ಸ್ಥಳವು ಬಂಗಾಳದಲ್ಲಿ ಚರ್ಚೆಗೆ ಬಂದಿತು. ರಾಜಾ ರಾಮಮೋಹನರಾಯರು 1820ರಲ್ಲಿ ಕಲಕತ್ತೆಯಲ್ಲಿ ಸುವಾರ್ತೆಗಳಿಂದ ನೀತಿಬೋಧೆಯ ಭಾಗಗಳನ್ನು ಆಯ್ದು, ಪವಾಡಗಳನ್ನೂ ಮತಸಿದ್ಧಾಂತದ ಸ್ಥಳಗಳನ್ನೂ ಬಿಟ್ಟು, ಯೇಸುವಿನ ಉಪದೇಶಗಳೆಂಬ ಸಂಗ್ರಹವನ್ನು ಪ್ರಕಟಿಸಿದರು. ಪ್ರಾಯಶ್ಚಿತ್ತತತ್ತ್ವವಿಲ್ಲದ ಬರಿಯ ನೀತಿಯಿಂದ ರಕ್ಷಣೆಯಿಲ್ಲವೆಂದು ಶ್ರೀರಾಮಪುರದ ಮಾರ್ಷ್‌ಮನ್ ಪಾದ್ರಿಯು ಖಂಡಿಸಿದನು. ಎರಡು ಆಜ್ಞೆಗಳನ್ನು ನಡಸಿದರೆ ಬದುಕುವೆಯೆಂದು ಯೇಸುವೇ ಹೇಳಿರುವಾಗ ಅದಕ್ಕೆ ಕೊರತೆಯನ್ನು ಆರೋಪಿಸುವುದೇಕೆಂಬುದು ರಾಯರ ವಾದದ ಸಾರ. ಉತ್ತರಪ್ರತ್ಯುತ್ತರಗಳು 1823ರವರೆಗೂ ನಡೆದವು. ಕಡೆಯ ಉತ್ತರವನ್ನು ಅಚ್ಚುಹಾಕಲು ಮಿಷನ್ ಮುದ್ರಣಾಲಯವು ಒಪ್ಪದಿರಲು ರಾಯರು ತಾವೇ ಮುದ್ರಣಾಲಯವನ್ನು ಏರ್ಪಡಿಸಬೇಕಾಯಿತು. ಹತ್ತನೆಯ ಅಧ್ಯಾಯದ ಮಟ್ಟಿಗೆ ಪ್ರಮಾಣವು ರಾಯರ ಕಡೆಗಿದೆ. ಇಪ್ಪತ್ತಮೂರನೆಯ ಅಧ್ಯಾಯದ ಶಿಲುಬೆಯವನನ್ನು ಮಾತ್ರ ನೀತಿಸಂಗ್ರಹದ ಚೌಕಟ್ಟಿನಲ್ಲಿ ಕೂಡಿಸುವುದು ಕಷ್ಟ.

ಅವನನ್ನು ಸಭೆಯ ಚೌಕಟ್ಟಿನಲ್ಲಿ ಕೂಡಿಸುವುದೂ ಸುಲಭವಾಗಿರಲಿಲ್ಲ. ದೀಕ್ಷಾಸ್ನಾನವಿಲ್ಲದೆ ರಕ್ಷಣೆಯಿಲ್ಲವೆಂಬ ನಿಯಮವು ಬಲಿತಮೇಲೆ, ಸ್ನಾನವಿಲ್ಲದೆಯೇ ಪರದೈಸನ್ನು ಸೇರಿದ ಈ ಕಳ್ಳನು ಆಚಾರ್ಯರಿಗೆ ಸಮಸ್ಯೆಯಾದನು. ಹಿಪ್ಪೋವಿನ ಅಗಸ್ತೀನನು ಕ್ರಿ. ಶ. 400ರ ಸುಮಾರಿನಲ್ಲಿ ದೀಕ್ಷಾಸ್ನಾನವನ್ನು ಕುರಿತು ಬರೆಯುತ್ತ, ಅವಕಾಶವಿಲ್ಲದವನಿಗೆ ವಿಶ್ವಾಸವೇ ಸ್ನಾನದ ಸ್ಥಾನವನ್ನು ತುಂಬಬಲ್ಲುದೆಂಬುದಕ್ಕೆ ಅವನನ್ನು ನಿದರ್ಶನವಾಗಿ ಕೊಟ್ಟನು. ಮುಪ್ಪಿನಲ್ಲಿ ತನ್ನ ಗ್ರಂಥಗಳನ್ನೆಲ್ಲ ಪುನಃ ಶೋಧಿಸಿದಾಗ ಆ ನಿದರ್ಶನವನ್ನು ಅನುಮಾನದಿಂದ ನೋಡಿ, ಆ ಕಳ್ಳನಿಗೆ ಮುಂಚೆಯೇ ದೀಕ್ಷಾಸ್ನಾನವಾಗಿರಲಿಲ್ಲವೆಂಬುದು ನಿಶ್ಚಯವಲ್ಲವೆಂದು ತಿದ್ದಿಕೊಂಡನು. ಲೂಕನ ಪಾಠದಲ್ಲಿ ಆ ವಿಷಯವಾಗಿ ಒಂದು ಮಾತೂ ಇಲ್ಲ.